ಜಲ್ಲಿ ರಸ್ತೆ, ಜೈಲು, ಗೋಧಿ: ಕೌಂಟಿ ಕಮಿಷನರ್‌ಗೆ ನಾನು ಓಟು ಹಾಕಿದ ಕಥೆ

ಅಮೆರಿಕದ ಪೌರತ್ವದ ಪ್ರಮಾಣ ಮಾಡಿ ಮತದಾರರ ಪಟ್ಟಿಗೆ ಹೆಸರು ಸೇರಿಸಿದ ಮೇಲೆ, ಊರಿನಿಂದ ಬಂದ ಫೋನುಗಳಲ್ಲೆಲ್ಲ ಒಂದೇ ಪ್ರಶ್ನೆ. ಅಧ್ಯಕ್ಷರ ಚುನಾವಣೇಲಿ ಯಾರಿಗೆ ಹಾಕ್ತೀಯಾ? 2024ರಲ್ಲಿ ಅದನ್ನು ಕೇಳದವರು ಯಾರಿದ್ದರು ಬಿಡಿ. ಆದರೆ ನನ್ನ ತಲೆ ತಿಂದದ್ದು ಬ್ಯಾಲೆಟ್‌ನಲ್ಲಿ ಅದಕ್ಕಿಂತ ಎಷ್ಟೋ ಕೆಳಗಿದ್ದ ಹುದ್ದೆ: ಕೌಂಟಿ ಕಮಿಷನರ್. ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ. ಅಧ್ಯಕ್ಷರಾಗಿ ಯಾರೇ ಬಂದರೂ ನಮ್ಮ ಮನೆ ಮುಂದಿನ ರಸ್ತೆಗೆ ಜಲ್ಲಿ ಹಾಕಿಸುವವರು ಅವರಲ್ಲ. ಇವರು.

ನಾವಿರುವುದು ವಾಷಿಂಗ್ಟನ್ ರಾಜ್ಯದ ಪೂರ್ವದ ತುದಿಯಲ್ಲಿ, ಪಲೌಸ್ ಅನ್ನುವ ಗೋಧಿ ಸೀಮೆಯಲ್ಲಿ. ವಾಷಿಂಗ್ಟನ್ ರಾಜ್ಯ ಅಂದರೆ ಎಲ್ಲರಿಗೂ ಸಿಯಾಟಲ್, ಮೈಕ್ರೋಸಾಫ್ಟ್, ಮಳೆ ನೆನಪಾಗುತ್ತದೆ ಅಲ್ವಾ? ನಾವು ಅಲ್ಲಿಂದ ಕಾರಿನಲ್ಲಿ ಸುಮಾರು ಐದು ಗಂಟೆ ದೂರ. ಇಲ್ಲಿ ಕಣ್ಣು ಹಾಯಿಸಿದಷ್ಟೂ ಗುಡ್ಡ, ಗುಡ್ಡದ ತುಂಬ ಗೋಧಿ, ನಡುವೆ ಕಾಬೂಲಿ ಕಡಲೆ, ಚನ್ನಂಗಿ. ನಾನು ಒಂದು ಧಾನ್ಯ ಸಹಕಾರ ಸಂಘದಲ್ಲಿ ಲೆಕ್ಕಪತ್ರ ನೋಡುತ್ತೇನೆ. ನಮ್ಮೆಜಮಾನರು ಕಾಲೇಜಿನಲ್ಲಿ ಪಾಠ ಹೇಳುತ್ತಾರೆ. ಕೌಂಟಿಯ ಹೆಸರು ಬರೆಯುವುದಿಲ್ಲ. ಇಲ್ಲಿ ಭಾರತೀಯರ ಮನೆಗಳು ಬೆರಳೆಣಿಕೆಯಷ್ಟು. ಕಮಿಷನರ್‌ಗಳು ದಿನಸಿ ಅಂಗಡಿಯಲ್ಲಿ ಎದುರಾಗುತ್ತಾರೆ. ಯಾರ ಬಗ್ಗೆ ಯಾರು ಬರೆದದ್ದು ಅಂತ ಗೊತ್ತಾಗಲು ಅರ್ಧ ದಿನ ಸಾಕು.

ಮೊದಲು ಈ ಹುದ್ದೆ ಏನು ಅಂತ ಹೇಳಿಬಿಡುತ್ತೇನೆ. ವಾಷಿಂಗ್ಟನ್ ರಾಜ್ಯದಲ್ಲಿ 39 ಕೌಂಟಿಗಳಿವೆ. ಸಿಯಾಟಲ್ ಇರುವ ಕಿಂಗ್ ಕೌಂಟಿಯಲ್ಲಿ 2020ರ ಜನಗಣತಿಯ ಪ್ರಕಾರ 22 ಲಕ್ಷಕ್ಕೂ ಜಾಸ್ತಿ ಜನ. ನಮ್ಮ ಕಡೆಯ ಗಾರ್ಫೀಲ್ಡ್ ಕೌಂಟಿಯಲ್ಲಿ 2,286. ಕರ್ನಾಟಕದಲ್ಲಿ ಕೆಲವು ಹಳ್ಳಿಗಳೇ ಅದಕ್ಕಿಂತ ದೊಡ್ಡವು. ಆದರೂ ಎರಡೂ ಕೌಂಟಿಗಳೇ. ರಸ್ತೆ, ಜೈಲು, ಕೋರ್ಟು, ಚುನಾವಣೆ, ಆಸ್ತಿ ದಾಖಲೆ, ಸಾರ್ವಜನಿಕ ಆರೋಗ್ಯ ಎಲ್ಲ ಅವುಗಳ ತಲೆ ಮೇಲೆ. ದೊಡ್ಡ ಕೌಂಟಿಗಳು ಕೌನ್ಸಿಲ್ ಮಾಡಿಕೊಂಡಿವೆ. ಪಕ್ಕದ ಸ್ಪೋಕೇನ್ ಕೌಂಟಿ 2022ರ ಚುನಾವಣೆಯಲ್ಲಿ ಮೂವರು ಕಮಿಷನರ್‌ಗಳಿಂದ ಐವರಿಗೆ ಹೋಯಿತು. ನಮ್ಮಂಥ ಹಳ್ಳಿಗಾಡಿನ ಕೌಂಟಿಗಳಲ್ಲಿ ಈಗಲೂ ಮೂವರೇ. ನಿಯಮ ಮಾಡುವವರೂ ಅವರೇ, ಆಡಳಿತ ನಡೆಸುವವರೂ ಅವರೇ.

ಅರಸೀಕೆರೆಯಲ್ಲಿರುವ ಅಮ್ಮನಿಗೆ ಇದನ್ನು ಫೋನಿನಲ್ಲಿ ವಿವರಿಸುತ್ತಿದ್ದೆ.

"ನಮ್ ಡೀಸಿ ಥರಾನೇನೇ?"

"ಡೀಸಿ, ಜಿಲ್ಲಾ ಪಂಚಾಯಿತಿ ಎರಡೂ ಸೇರಿದ ಹಾಗೆ ಅಮ್ಮ. ಆದ್ರೆ ಮೂರೂ ಜನ ಓಟಲ್ಲಿ ಗೆದ್ದು ಬರ್ತಾರೆ."

"ಇಲ್ಲಿ ಜಿಲ್ಲಾ ಪಂಚಾಯಿತಿಗೆ ಎಲೆಕ್ಷನ್ನೇ ಇಲ್ಲ" ಅಂದರು ಅಮ್ಮ. ಅದೂ ನಿಜ. 2016ರಲ್ಲಿ ಗೆದ್ದವರ ಅವಧಿ 2021ಕ್ಕೆ ಮುಗಿದ ಮೇಲೆ ಕರ್ನಾಟಕದಲ್ಲಿ ವರ್ಷಗಟ್ಟಲೆ ಆ ಚುನಾವಣೆ ನಡೆಯಲಿಲ್ಲ. ಆಮೇಲೆ ಅಮ್ಮ ಕೇಳಲೇಬೇಕಾದ್ದನ್ನು ಕೇಳಿದರು. "ಅದಿರ್ಲಿ, ನಿಂತಿರೋರು ಯಾವ ಜನ?"

ನಾನು ನಕ್ಕೆ. ಆದರೆ ಮನೆಗೆ ಬಂದ ಕರಪತ್ರಗಳನ್ನು ಮೇಜಿನ ಮೇಲೆ ಹರಡಿ ನೋಡಿದಾಗ, ಇಲ್ಲಿಯವರೂ ಮೊದಲು ಉತ್ತರ ಕೊಡುವುದು ಹೆಚ್ಚು ಕಡಿಮೆ ಅದೇ ಪ್ರಶ್ನೆಗೆ ಅನ್ನಿಸಿತು. ನಮ್ಮ ವಲಯದ ಒಂದು ಸ್ಥಾನಕ್ಕೆ ಮೂವರು ನಿಂತಿದ್ದರು. ಮೊದಲನೆಯವರು ಗೋಧಿ ರೈತರು. ಕರಪತ್ರದ ಮೊದಲ ಸಾಲೇ "ಈ ಕೌಂಟಿಯ ನಾಲ್ಕನೇ ತಲೆಮಾರು". ಎರಡನೆಯವರು ಶೆರಿಫ್ ಇಲಾಖೆಯಲ್ಲಿ, ಅಂದರೆ ಕೌಂಟಿಯ ಪೊಲೀಸಿನಲ್ಲಿ, ಡೆಪ್ಯೂಟಿಯಾಗಿ ನಿವೃತ್ತರಾದವರು. ಅವರದು ಮೂರನೇ ತಲೆಮಾರು. ಮೂರನೆಯವರು ಒಬ್ಬ ಮಹಿಳೆ. ಊಟದ ಹೋಟೆಲ್ ನಡೆಸುತ್ತಿದ್ದವರು, ಊರಿನ ಸಣ್ಣ ಆಸ್ಪತ್ರೆಯ ಆಡಳಿತ ಮಂಡಳಿಗೆ ಆಯ್ಕೆಯಾಗಿ ಕೆಲಸ ಮಾಡಿದವರು. ಇವರು ಹುಟ್ಟಿದ್ದು ಬೇರೆ ರಾಜ್ಯದಲ್ಲಿ. ಹಾಗಾಗಿ ಕರಪತ್ರದಲ್ಲಿ "ಗಂಡನ ಮನೆಯವರು ಐದನೇ ತಲೆಮಾರು" ಅಂತ ಹಾಕಿಸಿದ್ದರು! ಮದುವೆಯಿಂದ ಬಂದ ತಲೆಮಾರೂ ಲೆಕ್ಕಕ್ಕೆ ಬರುತ್ತದೆ ಅನ್ನೋದು ಆಗ ಗೊತ್ತಾಯಿತು.

ಇನ್ನು ಆದ್ಯತೆಗಳು. ಒಳ್ಳೆ ರಸ್ತೆ, ಸುರಕ್ಷತೆ, ಕಡಿಮೆ ತೆರಿಗೆ, ಕೃಷಿಗೆ ಬೆಂಬಲ. ಮೂವರದೂ ಇವೇ ನಾಲ್ಕು, ಸಾಲು ಮಾತ್ರ ಹಿಂದೆ ಮುಂದೆ. ಹೆಸರು ಮುಚ್ಚಿ ಓದಿದರೆ ಯಾವುದು ಯಾರದು ಅಂತ ಯಾರಿಂದಲೂ ಹೇಳಲಾಗುತ್ತಿರಲಿಲ್ಲ. ಪಕ್ಷ ನೋಡಿ ಹಾಕೋಣ ಅಂದರೆ ಮೂವರ ಹೆಸರಿನ ಕೆಳಗೂ ರಿಪಬ್ಲಿಕನ್ ಪಕ್ಷದ ಕಡೆ ಒಲವು ಅಂತಲೇ ಇತ್ತು.

ಇದು ಈ ರಾಜ್ಯದ ಪದ್ಧತಿ. ಪಕ್ಷ ಟಿಕೆಟ್ ಕೊಡುವುದಿಲ್ಲ. ಅಭ್ಯರ್ಥಿಯೇ ತನಗೆ ಯಾವ ಪಕ್ಷ ಇಷ್ಟ ಅಂತ ಬರೆದುಕೊಳ್ಳುತ್ತಾನೆ. ಆಗಸ್ಟ್‌ನ ಪ್ರಾಥಮಿಕ ಚುನಾವಣೆಯಲ್ಲಿ ಎಲ್ಲರೂ ಒಟ್ಟಿಗೆ ನಿಲ್ಲುತ್ತಾರೆ. ಹೆಚ್ಚು ಓಟು ಬಂದ ಇಬ್ಬರು ನವೆಂಬರ್‌ಗೆ ಹೋಗುತ್ತಾರೆ. ಇಬ್ಬರೂ ಒಂದೇ ಪಕ್ಷದವರಾದರೂ ಸರಿ. 2004ರಲ್ಲಿ ಜನಮತದಲ್ಲಿ ಗೆದ್ದ ಪದ್ಧತಿ ಇದು. ಪಕ್ಷಗಳು ಕೋರ್ಟಿಗೆ ಹೋದವು, 2008ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಇದರ ಹಿಂದೆ ಇದ್ದದ್ದು ಗ್ರೇಂಜ್ ಅನ್ನುವ ಹಳೆಯ ರೈತ ಸಂಘಟನೆ. ಹಳ್ಳಿ ಹಳ್ಳಿಯಲ್ಲೂ ಅವರ ಮರದ ಸಭಾಭವನ ಇರುತ್ತದೆ. ಇಡೀ ರಾಜ್ಯದ ಚುನಾವಣೆಯ ರೀತಿಯನ್ನೇ ಬದಲಾಯಿಸಿದವರು ಈ ರೈತರು ಅಂತ ತಿಳಿದ ಮೇಲೆ ನನಗೆ ಆ ಕಟ್ಟಡಗಳ ಮೇಲೆ ಗೌರವ ಜಾಸ್ತಿಯಾಯಿತು.

ಕರಪತ್ರದಿಂದ ಏನೂ ಹೊರಡಲಿಲ್ಲ. ಹಾಗಾಗಿ ದಾಖಲೆ ಹುಡುಕಿದೆ. ಲೆಕ್ಕದವಳು ತಾನೇ, ಅಭ್ಯಾಸ. ನಮ್ಮ ಕಡೆ ನಾಮಪತ್ರದ ಜೊತೆ ಆಸ್ತಿಯ ಅಫಿಡವಿಟ್ ಕೊಡುತ್ತಾರಲ್ಲ, ಇಲ್ಲೂ ಅಂಥದ್ದೊಂದು ಇದೆ. 1972ರಲ್ಲಿ ಜನರೇ ಓಟು ಹಾಕಿ ತಂದ ಕಾನೂನಿನಿಂದ ಹುಟ್ಟಿದ ಪಬ್ಲಿಕ್ ಡಿಸ್‌ಕ್ಲೋಷರ್ ಕಮಿಷನ್‌ಗೆ ಅಭ್ಯರ್ಥಿಗಳು ಎಫ್-1 ಅನ್ನುವ ಹೇಳಿಕೆ ಸಲ್ಲಿಸಬೇಕು. ಆದಾಯ ಎಲ್ಲೆಲ್ಲಿಂದ ಬರುತ್ತದೆ, ಯಾವ ಆಸ್ತಿ ಇದೆ, ಯಾರ ಹತ್ತಿರ ಸಾಲ ಇದೆ. ಸರಿಯಾದ ಮೊತ್ತ ಇರುವುದಿಲ್ಲ, ಇಷ್ಟರಿಂದ ಇಷ್ಟರೊಳಗೆ ಅಂತ ಇರುತ್ತದೆ. ಕ್ರಿಮಿನಲ್ ಕೇಸುಗಳ ವಿವರ ಇರುವುದಿಲ್ಲ. ಆ ವಿಷಯದಲ್ಲಿ ನಮ್ಮ ಅಫಿಡವಿಟ್ಟೇ ಓದಲು ರುಚಿ.

ಎಫ್-1 ಓದಿದಾಗ ಕರಪತ್ರದಲ್ಲಿ ಕಾಣದ ಮನುಷ್ಯರು ಸ್ವಲ್ಪ ಕಂಡರು. ರೈತರಿಗೆ ಹೊಲ, ಒಂದಿಷ್ಟು ದನ, ಬ್ಯಾಂಕಿನಲ್ಲಿ ದೊಡ್ಡ ಬೆಳೆಸಾಲ. ಜೊತೆಗೆ ಗಾಳಿಯಂತ್ರದ ಕಂಪನಿಯೊಂದರಿಂದ ಜಮೀನಿನ ಬಾಡಿಗೆ. ಇದು ಸಣ್ಣ ವಿಷಯ ಅಲ್ಲ. ಪಲೌಸ್‌ನಲ್ಲಿ ಗಾಳಿಯಂತ್ರ ಅಂದರೆ ಅಣ್ಣ ತಮ್ಮಂದಿರೇ ಮಾತು ಬಿಟ್ಟಿದ್ದಾರೆ. ಓಕ್ಸ್‌ಡೇಲ್ ಹತ್ತಿರ 2012ರಿಂದ 58 ಯಂತ್ರಗಳು ತಿರುಗುತ್ತಿವೆ. ಹೊಸದು ಬೇಕೋ ಬೇಡವೋ ಅನ್ನುವ ನಿಯಮ ಮಾಡುವವರು ಕಮಿಷನರ್‌ಗಳೇ. ಡೆಪ್ಯೂಟಿಯವರಿಗೆ ಪಿಂಚಣಿ, ಮನೆ, ಅಷ್ಟೇ. ಮಹಿಳೆಗೆ ಹೋಟೆಲ್ ಮಾರಿದ ಹಣದ ಕಂತು ಇನ್ನೂ ಬರುತ್ತಿತ್ತು. ಕೊಂಡವರು ಯಾರು ಅಂತ ನನಗೆ ಗೊತ್ತಿತ್ತು, ಅವರ ಕಾಫಿ ಮೊದಲಿನಷ್ಟು ಚೆನ್ನಾಗಿಲ್ಲ.

ಅಭ್ಯರ್ಥಿಗಳ ಸಭೆ ನಡೆದದ್ದು ಗ್ರೇಂಜ್ ಹಾಲ್‌ನಲ್ಲೇ, ಜುಲೈ ಕೊನೆಗೆ. ಇಲ್ಲಿ ಒಂದು ವಿಚಿತ್ರ ಇದೆ. ಪ್ರಾಥಮಿಕ ಚುನಾವಣೆ ಬರುವುದು ಆಗಸ್ಟ್ ಮೊದಲ ಮಂಗಳವಾರ. ಗೋಧಿ ಕೊಯ್ಲು ಶುರುವಾಗುವುದೂ ಸರಿಯಾಗಿ ಆಗಲೇ. ರೈತರ ಸೀಮೆಯಲ್ಲಿ ರೈತರಿಗೆ ಕೈ ಬಿಡುವಿಲ್ಲದ ವಾರದಲ್ಲಿ ಓಟು. ನಮ್ಮ ರೈತ ಅಭ್ಯರ್ಥಿ ಸಭೆ ಶುರುವಾದ ಮೇಲೆ ಬಂದರು. ಕಂಬೈನ್‌ನಿಂದ ಇಳಿದು ನೇರ ಬಂದಿದ್ದರು ಅನ್ನಿಸುತ್ತದೆ. ಟೋಪಿ ತೆಗೆದಾಗ ಹಣೆಯ ಅರ್ಧ ಬೆಳ್ಳಗೆ, ಅದರ ಕೆಳಗೆ ಧೂಳಿನ ಗೆರೆ. ಅಂಗಿಯ ಕಾಲರ್‌ನಲ್ಲಿ ಗೋಧಿ ಹೊಟ್ಟು. ಕೂತವರು ಅದನ್ನು ನೋಡಿದ ರೀತಿಯಿಂದಲೇ ಅರ್ಧ ಓಟು ಅವರ ಕಡೆ ಹೋಯಿತು ಅಂತ ಅಂದುಕೊಂಡೆ. ಡೆಪ್ಯೂಟಿಯವರು ಇಸ್ತ್ರಿ ಮಾಡಿದ ಅಂಗಿಯಲ್ಲಿ ಹೊತ್ತಿಗೆ ಮುಂಚೆ ಬಂದು ಕೂತಿದ್ದರು, ಪಾಪ.

ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದು ಹಳೆಯ ಕಾಫಿ ಡಬ್ಬಕ್ಕೆ ಹಾಕಬೇಕು. ಮುಂದಿನ ಸಾಲಿನಲ್ಲಿ ಒಬ್ಬ ಅಜ್ಜಿ ಹಸಿರು, ಹಳದಿ, ಕೆಂಪು ಕಾರ್ಡು ಹಿಡಿದು ಕೂತಿದ್ದರು. ಕೆಂಪು ಎತ್ತಿದರೆ ಮಾತು ನಿಲ್ಲಿಸಲೇಬೇಕು. ಡೆಪ್ಯೂಟಿಯವರು ಜೀವನವಿಡೀ ಬೇರೆಯವರನ್ನು ನಿಲ್ಲಿಸಿದವರು, ಅಜ್ಜಿಯ ಕೆಂಪು ಕಾರ್ಡಿಗೆ ನಿಲ್ಲಲು ಕಷ್ಟಪಟ್ಟರು.

ಮೊದಲ ಚೀಟಿಯೇ ಸ್ನೇಕ್ ನದಿಯ ಅಣೆಕಟ್ಟುಗಳದ್ದು. ಕೆಳಗಿನ ಸ್ನೇಕ್ ನದಿಯ ನಾಲ್ಕು ಅಣೆಕಟ್ಟುಗಳನ್ನು ಸಾಲ್ಮನ್ ಮೀನಿಗಾಗಿ ಒಡೆಯಬೇಕು ಅಂತ ಒಂದು ವಾದ ಇದೆ. ಅವು ಹೋದರೆ ಬಾರ್ಜ್ ಅನ್ನುವ ಸರಕಿನ ದೋಣಿ ಓಡುವುದಿಲ್ಲ, ನಮ್ಮ ಗೋಧಿ ಪೋರ್ಟ್‌ಲ್ಯಾಂಡ್ ಬಂದರಿಗೆ ನದಿಯ ಮೇಲೆ ಹೋಗುವುದು ನಿಲ್ಲುತ್ತದೆ. ಮೂವರೂ ಅಣೆಕಟ್ಟು ಉಳಿಯಬೇಕು ಅಂದರು. ಸಭೆಯಲ್ಲೇ ದೊಡ್ಡ ಚಪ್ಪಾಳೆ ಅದಕ್ಕೇ ಬಿತ್ತು. ಆದರೆ ಅಣೆಕಟ್ಟು ಕೇಂದ್ರ ಸರ್ಕಾರದ್ದು. ಕೌಂಟಿ ಕಮಿಷನರ್ ಅದರ ಬಗ್ಗೆ ಮಾಡಬಹುದಾದ್ದು ಒಂದು ಪತ್ರ ಬರೆಯುವುದು, ಅಷ್ಟೇ. ತಮ್ಮ ಕೈಯಲ್ಲಿಲ್ಲದ ವಿಷಯಕ್ಕೆ ಅಷ್ಟು ಹೊತ್ತು ಹೋಯಿತಲ್ಲ ಅಂತ ನನಗೆ ಕಿರಿಕಿರಿ.

ಕೈಯಲ್ಲಿರುವ ವಿಷಯ ಬಂದಾಗಲೇ ಯಾರು ಎಲ್ಲಿಂದ ಬಂದವರು ಅನ್ನೋದು ಹೊರಬಿತ್ತು. ರಸ್ತೆಯ ಬಗ್ಗೆ ಕೇಳಿದರು. ರೈತರು ಫೆಬ್ರವರಿ, ಮಾರ್ಚ್ ಮಾತಾಡಿದರು. ಹಿಮ ಕರಗುವಾಗ ಜಲ್ಲಿ ರಸ್ತೆಯ ಒಡಲು ಮೆತ್ತಗಾಗುತ್ತದೆ. ಕೌಂಟಿ ಆಗ ಭಾರದ ಲಾರಿಗಳಿಗೆ ನಿರ್ಬಂಧ ಹಾಕುತ್ತದೆ. ಗೊಬ್ಬರ, ಬೀಜದ ಲಾರಿ ಹೊಲಕ್ಕೆ ಬರಬೇಕಾದ ಕಾಲಕ್ಕೇ ಇದು ಅಡ್ಡ ಬರುತ್ತದೆ. ಯಾವ ಯಾವ ಮೋರಿ ಕುಸಿದಿದೆ ಅಂತ ಅವರು ರಸ್ತೆಯ ಹೆಸರು ಹಿಡಿದು ಹೇಳಿದರು. ಆದರೆ ಅವರು ಹೆಸರಿಸಿದ ರಸ್ತೆಗಳೆಲ್ಲ ಕೌಂಟಿಯ ಉತ್ತರದವು. ಅವರ ಹೊಲ ಇರುವುದು ಅಲ್ಲಿ.

ಡೆಪ್ಯೂಟಿಯವರಿಗೆ ರಸ್ತೆ ಅಂದರೆ ತಲುಪಲು ಬೇಕಾದ ಸಮಯ. ರಾತ್ರಿ ಕರೆ ಬಂದರೆ ಒಬ್ಬ ಡೆಪ್ಯೂಟಿ ಕೌಂಟಿಯ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಬೇಕು. ಅವರು ಮಾಲ್ಡನ್ ವಿಷಯ ಎತ್ತಿದಾಗ ಹಾಲ್ ಗಪ್‌ಚಿಪ್. 2020ರ ಸೆಪ್ಟೆಂಬರ್ 7ರಂದು ವಿಟ್‌ಮನ್ ಕೌಂಟಿಯ ಮಾಲ್ಡನ್ ಅನ್ನುವ ಪುಟ್ಟ ಊರಿಗೆ ಗಾಳಿಯ ಜೊತೆ ಬೆಂಕಿ ನುಗ್ಗಿತು. ಊರಿನ ಸುಮಾರು 80% ಕಟ್ಟಡಗಳು ಹೋದವು. ಅಗ್ನಿಶಾಮಕ ಠಾಣೆಯೇ ಸುಟ್ಟಿತು, ಅಂಚೆ ಕಚೇರಿಯೂ. ಕೇಂದ್ರದ ವಿಪತ್ತು ಘೋಷಣೆ ಬಂದದ್ದು 2021ರ ಫೆಬ್ರವರಿಯಲ್ಲಿ. ಅಲ್ಲಿಯವರೆಗೆ ಜನ ಕೈ ಹಿಡಿದದ್ದು ಅಕ್ಕಪಕ್ಕದವರನ್ನು. ಈ ಮನುಷ್ಯ ಆ ಬೆಂಕಿಯನ್ನು ಹತ್ತಿರದಿಂದ ನೋಡಿದ್ದರು. ರೇಡಿಯೋ ಟವರ್, ತುರ್ತು ಕರೆ, ಇವಕ್ಕೇ ಮೊದಲ ದುಡ್ಡು ಅಂದರು. ಬೇರೆ ಯಾವುದರ ಬಗ್ಗೆಯೂ ಅವರಿಗೆ ಅಷ್ಟು ಖಚಿತ ಮಾತು ಬರಲಿಲ್ಲ.

ಮಹಿಳೆ ರಸ್ತೆಯ ಪ್ರಶ್ನೆಗೆ ಉತ್ತರ ಕೊಡುವ ಬದಲು ಪ್ರಶ್ನೆ ಕೇಳಿದರು. "ನಮ್ಮ ರಸ್ತೆ ತೆರಿಗೆಯಲ್ಲಿ ಎಷ್ಟು ಪಾಲು ಶೆರಿಫ್ ಇಲಾಖೆಗೆ ಹೋಗುತ್ತಿದೆ ಗೊತ್ತಾ ನಿಮಗೆ?" ಹಾಲ್‌ನಲ್ಲಿ ಬಹಳ ಜನಕ್ಕೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು, ಬಜೆಟ್ ಓದಿದ್ದೆ. ಇಲ್ಲಿ ಆಸ್ತಿ ತೆರಿಗೆಯಲ್ಲಿ ಎರಡು ಹುಂಡಿ. ಒಂದು ಕೌಂಟಿಯ ಸಾಮಾನ್ಯ ಖರ್ಚಿಗೆ, ಆಸ್ತಿಯ ಬೆಲೆಯ ಪ್ರತಿ 1,000 ಡಾಲರಿಗೆ ಗರಿಷ್ಠ 1.80 ಡಾಲರ್. ಇನ್ನೊಂದು ಪಟ್ಟಣಗಳ ಹೊರಗಿನ ಜಮೀನಿನ ಮೇಲೆ, ರಸ್ತೆಗೆ, ಗರಿಷ್ಠ 2.25. ರಸ್ತೆಯ ಹುಂಡಿಯಿಂದ ಒಂದು ಪಾಲನ್ನು ಶೆರಿಫ್‌ನ ಟ್ರಾಫಿಕ್ ಕೆಲಸಕ್ಕೆ ತಿರುಗಿಸಲು ಕಾನೂನು ಬಿಡುತ್ತದೆ. ಸಣ್ಣ ಕೌಂಟಿಗಳು ಹೀಗೇ ದಿನ ದೂಡುತ್ತವೆ. ಅಂದರೆ "ಒಳ್ಳೆ ರಸ್ತೆ" ಮತ್ತು "ಸುರಕ್ಷತೆ" ಕರಪತ್ರದಲ್ಲಿ ಅಕ್ಕಪಕ್ಕ ಕೂತಿರುತ್ತವೆ, ಬಜೆಟ್‌ನಲ್ಲಿ ಒಂದರ ತಟ್ಟೆಗೆ ಇನ್ನೊಂದು ಕೈ ಹಾಕುತ್ತದೆ. ಇದನ್ನು ಬಾಯಿಬಿಟ್ಟು ಹೇಳಿದವರು ಅವರೊಬ್ಬರೇ. ಆಸ್ಪತ್ರೆ ಮಂಡಳಿಯಲ್ಲಿ ಕೂತು ಸಂಬಳದ ದಿನಕ್ಕೆ ದುಡ್ಡು ಹೊಂದಿಸಿದ ಅನುಭವ ಅದು ಅನ್ನಿಸಿತು.

ಊರಿನ ಲೈಬ್ರರಿಯವರ ಚೀಟಿ ಇನ್ನೊಂದು: "ಲೈಬ್ರರಿ ಮಂಡಳಿಗೆ ಎಂಥವರನ್ನು ನೇಮಿಸುತ್ತೀರಿ?" ಇದು ಸುಮ್ನೆ ಕೇಳಿದ್ದಲ್ಲ. ಹಳ್ಳಿಗಾಡಿನ ಲೈಬ್ರರಿ ಜಿಲ್ಲೆಗಳ ಟ್ರಸ್ಟಿಗಳನ್ನು ನೇಮಿಸುವುದು ಕಮಿಷನರ್‌ಗಳು. 2023ರಲ್ಲಿ ಕೊಲಂಬಿಯಾ ಕೌಂಟಿಯ ಡೇಟನ್ ಊರಲ್ಲಿ ಕೆಲವು ಪುಸ್ತಕಗಳ ಜಗಳ ಎಲ್ಲಿಗೆ ಹೋಯಿತು ಅಂದರೆ, ಲೈಬ್ರರಿಯನ್ನೇ ಮುಚ್ಚುವ ಪ್ರಸ್ತಾಪ ಓಟಿಗೆ ಬರುವುದರಲ್ಲಿತ್ತು. ಕೋರ್ಟ್ ತಡೆಯಿತು. ನಮ್ಮ ಮೂವರಲ್ಲಿ ಡೆಪ್ಯೂಟಿ ಹಾರಿಕೆಯ ಉತ್ತರ ಕೊಟ್ಟರು, ಮಹಿಳೆ ಈಗಿರುವ ಮಂಡಳಿ ಚೆನ್ನಾಗಿದೆ ಅಂದರು. ರೈತರು "ಓದೋರನ್ನ" ಅಂದು ಕೂತರು. ಅಜ್ಜಿ ಹಸಿರು ಕಾರ್ಡನ್ನೂ ಎತ್ತಿರಲಿಲ್ಲ.

ಗಾಳಿಯಂತ್ರದ ಚೀಟಿ ನಾನೇ ಹಾಕಿದ್ದೆ. ನಿಮ್ಮ ಕುಟುಂಬಕ್ಕೆ ಬಾಡಿಗೆ ಬರುತ್ತಿರುವಾಗ ಆ ವಿಷಯಕ್ಕೆ ಓಟು ಹಾಕುತ್ತೀರಾ? ರೈತರು ಮುಚ್ಚುಮರೆ ಮಾಡಲಿಲ್ಲ. ಬಾಡಿಗೆ ಬರುತ್ತದೆ, ಬರ ಬಂದ ವರ್ಷ ಅದೇ ಬ್ಯಾಂಕಿನ ಕಂತು ಕಟ್ಟಿತು, ನಮ್ಮ ಜಮೀನಿನ ಅರ್ಜಿ ಬಂದರೆ ಎದ್ದು ಹೊರಗೆ ಹೋಗುತ್ತೇನೆ, ಇಡೀ ಕೌಂಟಿಯ ನಿಯಮ ಬಂದರೆ ಕೂರುತ್ತೇನೆ ಅಂದರು. ಕೊನೆಯ ಭಾಗ ನನಗೆ ಸರಿ ಬರಲಿಲ್ಲ. ಆದರೂ ಉತ್ತರ ನೇರವಾಗಿತ್ತು.

ಸಭೆ ಮುಗಿದು ಪೈ ತಿನ್ನುವಾಗ ಅವರೇ ನನ್ನ ಹತ್ತಿರ ಬಂದರು. ಚೀಟಿ ಯಾರದ್ದು ಅಂತ ಊಹಿಸಿದ್ದರೋ ಏನೋ. ಆ ಮಾತೇ ಎತ್ತಲಿಲ್ಲ. ಭಾರತ ಮತ್ತೆ ಕಡಲೆ ಮೇಲೆ ಸುಂಕ ಹಾಕುತ್ತದಾ ಅಂತ ಕೇಳಿದರು! ಕೇಳಲು ಕಾರಣ ಇದೆ. 2019ರಲ್ಲಿ ಭಾರತ ಅಮೆರಿಕದ ಕಡಲೆ, ಚನ್ನಂಗಿ, ಸೇಬಿನ ಮೇಲೆ ಹೆಚ್ಚುವರಿ ಸುಂಕ ಹಾಕಿತ್ತು, 2023ರಲ್ಲಿ ತೆಗೆಯಿತು. ಆ ನಡುವಿನ ವರ್ಷಗಳ ಬೆಲೆ ನಮ್ಮ ಸಂಘದ ಲೆಕ್ಕದಲ್ಲಿ ಈಗಲೂ ಕಾಣುತ್ತದೆ. "ದೆಹಲಿಯವರು ನನ್ನನ್ನು ಕೇಳಿ ಹಾಕಲ್ಲ" ಅಂದೆ. ನಕ್ಕರು. ಮನೆಗೆ ಬಂದು ಅಮ್ಮನಿಗೆ ಹೇಳಿದರೆ, "ಓ, ಇಲ್ಲಿ ಅಂಗಡೀಲಿ ಸಿಗೋ ದಪ್ಪ ಕಡಲೆ ಅವರ ಹೊಲದ್ದಾ?" ಅಂತ ಒಂದೇ ಸಲಕ್ಕೆ ಆ ಮನುಷ್ಯನನ್ನು ನಮ್ಮವರ ಪೈಕಿ ಸೇರಿಸಿಬಿಟ್ಟರು.

ಈಗ ಕೂತಿರುವ ಕಮಿಷನರ್‌ಗಳು ಹೇಗೆ ಕೆಲಸ ಮಾಡುತ್ತಾರೆ ಅಂತ ನೋಡದೆ ಹೊಸಬರನ್ನು ಅಳೆಯುವುದು ಹೇಗೆ? ರಜೆ ಹಾಕಿ ಸೋಮವಾರದ ಸಭೆಗಳಿಗೆ ಹೋದೆ. ಬೆಳಗ್ಗೆ ಒಂಬತ್ತಕ್ಕೆ ಶುರು. ಕೋರ್ಟ್‌ಹೌಸ್‌ನ ಮೇಲಿನ ಮಹಡಿಯಲ್ಲಿ ಒಂದು ಉದ್ದ ಮೇಜು, ಎದುರಿಗೆ ಕುರ್ಚಿಗಳು, ಬಹುತೇಕ ಖಾಲಿ. ಬಿಲ್ಲುಗಳ ಮಂಜೂರಾತಿ. ಕಳೆ ನಿಯಂತ್ರಣ ಮಂಡಳಿಯ ವರದಿ. ಕೌಂಟಿ ಜಾತ್ರೆಯ ಮೈದಾನದ ಶೌಚಾಲಯ. ರಸ್ತೆ ಎಂಜಿನಿಯರ್ ಬಂದು ಒಂದು ಸೇತುವೆ ಇನ್ನು ಎಷ್ಟು ಭಾರ ತಡೆಯುತ್ತದೆ ಅಂತ ಹೇಳಿದರು. ಆಗ ಮಾತ್ರ ಮೂವರೂ ಮುಂದೆ ಬಾಗಿ ಕೂತರು. ಒಬ್ಬರು ಶಾಲಾ ಬಸ್ಸಿನ ತೂಕ ಕೇಳಿದರು, ಇನ್ನೊಬ್ಬರು ಗೋಧಿ ಲಾರಿಯದ್ದು, ಮೂರನೆಯವರು ಬೆಂಕಿ ಆರಿಸುವ ಟ್ಯಾಂಕರ್‌ದು. ಆ ಮೂರು ಪ್ರಶ್ನೆಗಳಿಂದ ಅವರವರ ಹಿನ್ನೆಲೆ ನನಗೆ ಎಲ್ಲ ಕರಪತ್ರಕ್ಕಿಂತ ಚೆನ್ನಾಗಿ ತಿಳಿಯಿತು.

ಈ ಹೊತ್ತೇ ಇನ್ನೊಂದು ವಿಷಯವನ್ನೂ ಹೇಳುತ್ತದೆ. ಸೋಮವಾರ ಬೆಳಗ್ಗೆ ಒಂಬತ್ತಕ್ಕೆ ಕೆಲಸಕ್ಕೆ ಹೋಗುವವರು ಯಾರು ಬರುತ್ತಾರೆ? ಕಮಿಷನರ್ ಆಗುವವರೂ ಹಾಗೆಯೇ. ಮಗನಿಗೆ ಹೊಲ ಬಿಟ್ಟ ರೈತ, ಪಿಂಚಣಿ ಬರುವವರು, ಅಂಗಡಿ ಮಾರಿದವರು. ಶಾಲೆಯ ಟೀಚರ್, ನರ್ಸ್, ರಸ್ತೆ ಸಮ ಮಾಡುವ ಗ್ರೇಡರ್ ಓಡಿಸುವವರು ನಿಲ್ಲುವುದು ಕಡಿಮೆ. ನಾಮಪತ್ರದ ಶುಲ್ಕ ಹುದ್ದೆಯ ವಾರ್ಷಿಕ ಸಂಬಳದ 1%, ಅದು ದೊಡ್ಡದಲ್ಲ. ಗೆದ್ದರೆ ಈಗಿನ ಕೆಲಸ ಬಿಡಬೇಕು, ನಾಲ್ಕು ವರ್ಷ ಆದ ಮೇಲೆ ಸೋತರೆ ವಾಪಸ್ ಹೋಗಲು ಅದು ಇರುವುದಿಲ್ಲ. ಅದಕ್ಕೇ ಎಲ್ಲ ಅಭ್ಯರ್ಥಿಗಳೂ ಒಂದೇ ಅಚ್ಚಿನವರಂತೆ ಕಾಣುವುದು.

ಮೂವರೇ ಇರುವುದರಿಂದ ಆಗುವ ಒಂದು ತಮಾಷೆಯೂ ಗೊತ್ತಾಯಿತು. 1971ರ ಬಹಿರಂಗ ಸಭೆಗಳ ಕಾನೂನಿನ ಪ್ರಕಾರ ಮಂಡಳಿಯ ಬಹುಮತ ಸೇರಿ ಕೌಂಟಿಯ ವಿಷಯ ಮಾತಾಡಿದರೆ ಅದು ಸಭೆ. ಮೂವರಲ್ಲಿ ಬಹುಮತ ಅಂದರೆ ಇಬ್ಬರು. ಹಾಗಾಗಿ ಇಬ್ಬರು ಕಮಿಷನರ್‌ಗಳು ಫೋನಿನಲ್ಲಿ ಜಲ್ಲಿ ವಿಷಯ ಚರ್ಚಿಸುವಂತಿಲ್ಲ. ಕೋರ್ಟ್‌ಹೌಸ್ ಮೆಟ್ಟಿಲ ಮೇಲೆ ಒಬ್ಬ ಕಮಿಷನರ್ ನನಗೆ ಹೇಳಿದರು: "ಅವನ ಜೊತೆ ಮೂವತ್ತು ವರ್ಷದಿಂದ ಬೇಟೆಗೆ ಹೋಗ್ತೀನಿ. ಈಗ ಇಡೀ ದಿನ ಜಿಂಕೆ ಮಾತು ಬಿಟ್ಟು ಬೇರೆ ಮಾತಾಡಲ್ಲ."

ಬ್ಯಾಲೆಟ್ ಅಂಚೆಯಲ್ಲಿ ಬರುತ್ತದೆ. ಮತಗಟ್ಟೆ, ಸಾಲು, ಬೆರಳಿಗೆ ಶಾಯಿ ಏನೂ ಇಲ್ಲ. ಅಡುಗೆಮನೆ ಮೇಜಿನ ಮೇಲೆ ಹೆಸರಿನ ಪಕ್ಕದ ಗುರುತಿಗೆ ಶಾಯಿ ತುಂಬಿ, ಕವರ್‌ಗೆ ಹಾಕಿ, ಮೇಲೆ ಸಹಿ ಮಾಡಬೇಕು. ಸ್ಟ್ಯಾಂಪೂ ಬೇಡ. ಆ ಸಹಿಯನ್ನು ನೋಂದಣಿಯ ಸಹಿಗೆ ಹೋಲಿಸಿ ನೋಡುತ್ತಾರೆ. ನನ್ನ ಸಹಿ ಮೊದಲಿನಿಂದಲೂ ಕನ್ನಡದಲ್ಲಿ. ಹೋಲಿಸುವವರು ಏನು ಮಾಡುತ್ತಾರೋ ಅಂತ ಕುತೂಹಲ ಇತ್ತು. ಸ್ವೀಕರಿಸಲಾಗಿದೆ ಅಂತ ಬಂತು.

ಆಗಸ್ಟ್‌ನಲ್ಲಿ ನಮ್ಮ ವಲಯದವರಿಗೆ ಮಾತ್ರ ಓಟು. ಡೆಪ್ಯೂಟಿ ಹೊರಬಿದ್ದರು. ನವೆಂಬರ್‌ನಲ್ಲಿ ಉಳಿದ ಇಬ್ಬರಿಗೆ ಇಡೀ ಕೌಂಟಿ ಓಟು ಹಾಕುತ್ತದೆ. ಇಲ್ಲಿ ಆಟ ಬದಲಾಗುತ್ತದೆ. ವಲಯದಲ್ಲಿ ಜಲ್ಲಿ ರಸ್ತೆ ಮಾತಾಡಿದವರು ಈಗ ಪಟ್ಟಣದವರ ಮುಂದೆ ಆಸ್ಪತ್ರೆ, ಬಾಡಿಗೆ ಮನೆ, ಮಾನಸಿಕ ಆರೋಗ್ಯ ಅನ್ನಬೇಕು. ಮಹಿಳೆ ಪಟ್ಟಣದಲ್ಲಿ ಚೆನ್ನಾಗಿ ಓಟು ತೆಗೆದರು. ಸಾಲಲಿಲ್ಲ. ರೈತರು ಗೆದ್ದರು. ನಾನು ಹಾಕಿದ್ದು ಮಹಿಳೆಗೆ. ರಸ್ತೆಯ ಹುಂಡಿಯ ಆ ಒಂದು ಪ್ರಶ್ನೆಗಾಗಿ.

ಗೆದ್ದವರು ಮಾಡಿದ ಮೊದಲ ಪೂರ್ತಿ ಬಜೆಟ್ 2025ರ ಡಿಸೆಂಬರ್‌ನಲ್ಲಿ ಬಂತು. ತೆರಿಗೆ ಏರಿಸುವುದಿಲ್ಲ ಅಂತ ಹೇಳಿ ಗೆದ್ದವರು ಅದೇ ಸಭೆಯಲ್ಲಿ 1% ಏರಿಕೆಗೆ ಕೈ ಎತ್ತಿದರು. ಊರಲ್ಲಿ ಗೊಣಗಾಟ. ನನಗೆ ಆಶ್ಚರ್ಯ ಆಗಲಿಲ್ಲ. ಈ ರಾಜ್ಯದಲ್ಲಿ ಕೌಂಟಿ ಹಿಂದಿನ ವರ್ಷ ಎತ್ತಿದ ಒಟ್ಟು ಆಸ್ತಿ ತೆರಿಗೆಯನ್ನು ಜನರ ಓಟಿಲ್ಲದೆ ವರ್ಷಕ್ಕೆ 1%ಗಿಂತ ಹೆಚ್ಚಿಸುವಂತಿಲ್ಲ. 2001ರಲ್ಲಿ ಜನಮತದಿಂದ ಬಂದ ಮಿತಿ ಇದು. 2007ರಲ್ಲಿ ಕೋರ್ಟ್ ರದ್ದು ಮಾಡಿತು, ಅದೇ ವರ್ಷ ಶಾಸಕರು ವಾಪಸ್ ತಂದರು. ಹೊಸ ಕಟ್ಟಡಗಳ ತೆರಿಗೆ ಈ ಮಿತಿಯ ಹೊರಗೆ. ಸಿಯಾಟಲ್ ಕಡೆ ಹೊಸ ಕಟ್ಟಡ ಏಳುತ್ತಲೇ ಇರುತ್ತದೆ. ಗೋಧಿ ಹೊಲದಲ್ಲಿ ಏನು ಏಳುತ್ತದೆ? ಒಂದು ಶೆಡ್. ಡೀಸೆಲ್, ಜಲ್ಲಿ, ಸಂಬಳ, ಜೈಲಿನ ಕೈದಿಗಳ ಔಷಧ ಯಾವುದೂ 1% ಲೆಕ್ಕದಲ್ಲಿ ಏರುವುದಿಲ್ಲ.

ಆ ವರ್ಷ ಇನ್ನೊಂದು ಹೊರೆ ಸೇರಿತ್ತು. ಬಡ ಆರೋಪಿಗಳಿಗೆ ಸರ್ಕಾರಿ ವಕೀಲ ಕೊಡುವ ಖರ್ಚಿನ ಬಹುಪಾಲು ವಾಷಿಂಗ್ಟನ್‌ನಲ್ಲಿ ಕೌಂಟಿಗಳದ್ದೇ. ಒಬ್ಬ ವಕೀಲ ವರ್ಷಕ್ಕೆ ಎಷ್ಟು ಕೇಸು ಹಿಡಿಯಬಹುದು ಅನ್ನುವ ಮಿತಿಯನ್ನು 2026ರಿಂದ ಹಂತ ಹಂತವಾಗಿ ಇಳಿಸಬೇಕು ಅಂತ ರಾಜ್ಯದ ಸುಪ್ರೀಂ ಕೋರ್ಟ್ ಹೇಳಿತು. ಹತ್ತು ವರ್ಷದಲ್ಲಿ ಇದು ಪೂರ್ತಿ ಆಗಬೇಕು. ನ್ಯಾಯವಾದ ಮಾತೇ. ಆದರೆ ನಮ್ಮಲ್ಲಿ ವಕೀಲರೇ ಸಿಗುವುದಿಲ್ಲ, ಸಿಕ್ಕಿದರೂ ದುಡ್ಡು ಎಲ್ಲಿದೆ? ಕರಪತ್ರದ ನಾಲ್ಕು ಆದ್ಯತೆಗಳಲ್ಲಿ ಈ ವಿಷಯದ ಸುಳಿವೂ ಇರಲಿಲ್ಲ. ಬಜೆಟ್‌ನಲ್ಲಿ ಎಲ್ಲರ ಬೆವರು ಇಳಿಸಿದ್ದು ಅದೇ.

ರೈತರು ಆ ದಿನ ರಸ್ತೆ ಎಂಜಿನಿಯರ್‌ಗೆ ಕೇಳಿದ ಪ್ರಶ್ನೆ ನನಗೆ ಇಷ್ಟವಾಯಿತು. "ರಸ್ತೆ ಹುಂಡಿಯಿಂದ ಶೆರಿಫ್‌ಗೆ ಹೋಗೋದನ್ನ ಕಡಿಮೆ ಮಾಡಿದ್ರೆ ದಕ್ಷಿಣದ ಯಾವ ರಸ್ತೆಗೆ ಮೊದಲು ಜಲ್ಲಿ ಬೀಳುತ್ತೆ?" ಸೋತವರ ಪ್ರಶ್ನೆಯನ್ನು ಗೆದ್ದವರು ಎತ್ತಿಕೊಂಡಿದ್ದರು. ಅದೂ ಉತ್ತರದ ಮನುಷ್ಯ ದಕ್ಷಿಣದ ರಸ್ತೆ ಕೇಳಿದ್ದು! ಹಿಂದಿನ ಸಾಲಿನಲ್ಲಿ ಕೂತಿದ್ದ ಆ ಮಹಿಳೆ ತಲೆ ತಗ್ಗಿಸಿ ನೋಟ್‌ಬುಕ್ಕಿನಲ್ಲಿ ಏನೋ ಬರೆದುಕೊಂಡರು. ಶೆರಿಫ್ ಮುಖ ಗಂಟು ಹಾಕಿದ್ದರು. ಅವರೂ ಓಟಿನಲ್ಲಿ ಗೆದ್ದವರೇ, ಕಮಿಷನರ್‌ಗಳು ಅವರಿಗೆ ಹೀಗೆ ಮಾಡಿ ಅಂತ ಆರ್ಡರ್ ಮಾಡುವಂತಿಲ್ಲ. ದುಡ್ಡಿನ ಗಂಟು ಮಾತ್ರ ಇವರ ಕೈಯಲ್ಲಿ. ಕೊನೆಗೆ ಆ ವರ್ಷ ಪಾಲು ಕಡಿಮೆ ಆಗಲಿಲ್ಲ, ಮುಂದಿನ ವರ್ಷ ನೋಡೋಣ ಅಂತಾಯಿತು.

ತೀರ್ಮಾನ ತೆಗೆದುಕೊಳ್ಳುವ ಸಭೆಯಲ್ಲಿ ಸಾರ್ವಜನಿಕರ ಮಾತು ಕೇಳಲೇಬೇಕು ಅಂತ 2022ರಿಂದ ಕಾನೂನಿದೆ. ನನ್ನ ಸರದಿಯಲ್ಲಿ ಒಂದೇ ಕೇಳಿದೆ. ಮುಂದಿನ ಸಲ ಬಜೆಟ್ ಸಭೆಯನ್ನಾದರೂ ಸಂಜೆ ಆರಕ್ಕೆ ಇಡಿ, ಕೆಲಸ ಮಾಡುವವರು ಬರಲಿ. ಕೆಲವು ವಾರ ಬಿಟ್ಟು ಅದು ಕಲಾಪ ಪಟ್ಟಿಗೆ ಬಂತು. ಎರಡಕ್ಕೆ ಒಂದು ಓಟಿನಿಂದ ಪಾಸಾಯಿತು. ಬೇಡ ಅಂದವರು ನಮ್ಮ ರೈತರೇ. ಸಂಜೆ ಆರಕ್ಕೆ ದನಗಳಿಗೆ ಮೇವು ಹಾಕಬೇಕಂತೆ.